ಸನತ್‌ನಗರದ ವೈನಿ

ಸಿಕಂದರಾಬಾದ್

ರೈಲು ಸಿಕಂದರಾಬಾದ್ ತಲುಪಬೇಕಾಗಿದ್ದ ಸಮಯಕ್ಕೆ ಸರಿಯಾಗಿ ನಾನು ಹಾಸಿಗೆ ಸುತ್ತಿ, ತಲೆ ಬಾಚಿ, ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿದ್ದೆ. ರೈಲು ಮಾತ್ರ ಯಾವುದೋ ಹೊಲದ ನಡುವೆ ನಿಂತಿತ್ತು. ಮೂವತ್ತೆರಡು ವರ್ಷ ಗದಗ ಸೀಮೆಯ ಸರ್ಕಾರಿ ದವಾಖಾನೆಗಳಲ್ಲಿ ಹೆರಿಗೆ ನರ್ಸ್ ಆಗಿದ್ದವಳು ನಾನು. ಪಾಳಿ ಆರಕ್ಕೆ ಎಂದರೆ ಐದೂವರೆಗೆ ಸಿದ್ಧವಾಗಿರಬೇಕು. ಈ ರೂಢಿ ನಿವೃತ್ತಿಯ ಜೊತೆ ಹೋಗಲಿಲ್ಲ.

ಕೆಳಗಿನ ಸೀಟಿನಲ್ಲಿದ್ದ ಹೆಂಗಸು ನನ್ನನ್ನು ನೋಡಿ ನೋಡಿ ಕನಿಕರಪಟ್ಟು, "ಕೂರ್ಚೋಂಡಮ್ಮಾ, ಇಂಕಾ ಗಂಟ ಉಂದಿ" ಅಂದಳು. ನನಗೆ ಅರ್ಥವಾದದ್ದು ಗಂಟೆ ಎಂಬುದೊಂದೇ. ಊರು ಬಂದು ಗಂಟೆ ಹೊಡೆಯಿತೆಂದು ತಿಳಿದು ಇನ್ನೂ ನೆಟ್ಟಗೆ ನಿಂತೆ. ಇನ್ನೂ ಒಂದು ಗಂಟೆ ಇದೆ, ಕುಳಿತುಕೊಳ್ಳಿ ಎಂದು ಆಕೆ ಹೇಳಿದ್ದಳಂತೆ. ಆ ಒಂದು ಗಂಟೆ ಪೂರ್ತಿ ನಿಂತೇ ಕಳೆದೆ. ತೆಲುಗಿನ ಅಕ್ಷರ ನಮ್ಮದರ ಹಾಗೆಯೇ ಕಾಣುತ್ತದೆ, ಮಾತೂ ಹತ್ತಿರದ್ದೇ. ಅದೇ ತೊಂದರೆ. ಪೂರ್ತಿ ಬಾರದ ಭಾಷೆಯಾದರೆ ಮನುಷ್ಯ ಎಚ್ಚರವಾಗಿರುತ್ತಾನೆ. ಅರ್ಧ ಬರುವ ಭಾಷೆ ನಂಬಿಸಿ ಕೆಡಿಸುತ್ತದೆ.

ನಿಲ್ದಾಣಕ್ಕೆ ನನ್ನ ತಮ್ಮನ ಮಗಳು ಮಾಲಿನಿ ಬಂದಿದ್ದಳು. ತಮ್ಮ ಕೆಲಸದ ಮೇಲೆ ಮೈಸೂರಿಗೆ ಹೋಗಿ ಅಲ್ಲಿಯೇ ನೆಲೆಸಿದವನು. ಆದ್ದರಿಂದ ಇವಳ ಮಾತು ಪೂರ್ತಿ ಮೈಸೂರಿನದು. ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಣು ವೈದ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮೂರು ತಿಂಗಳಿಂದ ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುತ್ತಿಲ್ಲ ಎಂದು ಅವಳ ತಾಯಿ ಗಾಬರಿಯಾಗಿ ನನ್ನನ್ನು ಕಳಿಸಿದ್ದಳು.

"ಯಾಕ ಹಿಂಗ ಒಣಗೀದಿ?" ಅಂದೆ.

"ಕೆಲಸ ಅತ್ತೆ."

ಆಟೋದವನು ನಮ್ಮನ್ನು ಕೂರಿಸಿಕೊಳ್ಳುವ ಮೊದಲೇ "ಹೈಟೆಕ್? ಸಾಫ್ಟ್‌ವೇರ್?" ಅಂದ. ಆ ವರ್ಷಗಳಲ್ಲಿ ಆ ಊರಿಗೆ ಕನ್ನಡಕ ಹಾಕಿದ ಹುಡುಗಿ ಬಂದರೆ ಬೇರೆ ಯಾವ ಕಾರಣಕ್ಕೂ ಬಂದಿರಲಾರಳು ಎಂದು ಎಲ್ಲರೂ ನಂಬಿದ್ದರು. ಅಲ್ಲ, ಪಿಎಚ್.ಡಿ., ರೋಗಗಳ ಮೇಲೆ ಎಂದು ಮಾಲಿನಿ ಹೇಳಿದ್ದೇ ತಡ, "ಹೌ? ಡಾಕ್ಟರ್? ಮೇರೇ ಘುಟ್ನೇ ಕು ದೇಖೋ ಮ್ಯಾಡಮ್" ಎಂದು ಸಿಗ್ನಲ್ಲಿನಲ್ಲಿ ಮಂಡಿ ತೋರಿಸಿದ. ಮಾಲಿನಿ ತಾನು ಮಂಡಿ ನೋಡುವ ಡಾಕ್ಟರಲ್ಲ ಎಂದು ವಿವರಿಸುವಷ್ಟರಲ್ಲಿ ಮೂರು ಸಿಗ್ನಲ್ಲು ಕಳೆದವು. ನಾನು ಅವನಿಗೆ ಬಿಸಿ ಉಪ್ಪಿನ ಶಾಖ ಹೇಳಿದೆ. ಅವನಿಗೆ ಸಮಾಧಾನವಾಯಿತು.

ಹಿಮಾಯತ್‌ನಗರ, ಮೂರನೇ ಮಹಡಿ

ಮಾಲಿನಿ ಇದ್ದದ್ದು ಅಂಗಡಿ ಸಾಲಿನ ಹಿಂದಿನ ಒಂದು ಮನೆಯ ಮೂರನೇ ಮಹಡಿಯಲ್ಲಿ. ಜೊತೆಗೆ ಸಾಫ್ಟ್‌ವೇರ್ ಕೆಲಸದ ಇಬ್ಬರು ಹುಡುಗಿಯರು. ಒಬ್ಬಳು ಮಂಗಳೂರಿನವಳು, ಒಬ್ಬಳು ಬೆಂಗಳೂರಿನವಳು. ಆ ಮನೆಗೆ ಬೆಳಗಾಗುವುದು ಒಂಬತ್ತಕ್ಕೆ. ನನಗೆ ನಾಲ್ಕೂವರೆಗೆ. ನಡುವಿನ ಹೊತ್ತಿನಲ್ಲಿ ನಾನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ. ಎದ್ದು ಬಂದ ಮಂಗಳೂರಿನ ಹುಡುಗಿ, "ಆಂಟಿ, ಉಪ್ಪಿಗೆ ಉಪ್ಪು ಅಂತ ಬರೆದಿದ್ದೀರಲ್ಲಾ, ನಾವು ನಾಲ್ಕು ತಿಂಗಳಿಂದ ರುಚಿ ನೋಡಿಯೇ ಗುರುತು ಹಿಡೀತಿದ್ದೆವು" ಎಂದು ನಕ್ಕಳು.

ಮರುದಿನ ಬಾಗಿಲು ತಟ್ಟಿದವನು "ಪಾಲು ಅಮ್ಮಾ, ಪಾಲು" ಎಂದ. ಯಾರ ಪಾಲು, ಯಾತರ ಪಾಲು, ಮನೆಯವರು ಮಲಗಿದ್ದಾರೆ ಎಂದು ಬಾಗಿಲು ಹಾಕಿಕೊಂಡೆ. ಅಂದು ಎಲ್ಲರೂ ಕರಿ ಚಹಾ ಕುಡಿಯಬೇಕಾಯಿತು. ಅವನು ಹಾಲಿನವನು.

ಮಾಲಿನಿ ಆ ನಗೆಯಲ್ಲಿ ಸೇರಲಿಲ್ಲ. ಊಟಕ್ಕೆ ಕುಳಿತಾಗ ನೇರವಾಗಿ ಕೇಳಿದೆ, ದವಾಖಾನೆಯಲ್ಲಿ ಕೇಳುವ ಹಾಗೆ: ಎಲ್ಲಿ ನೋವು, ಯಾವಾಗಿನಿಂದ? ಅವಳು ತಟ್ಟೆ ಸರಿಸಿ, ಪೆನ್ಸಿಲ್ಲು ತಂದು ಹೇಳತೊಡಗಿದಳು.

ಅವಳ ಸಂಶೋಧನೆ ಹುಟ್ಟುಕಿವುಡಿನ ಮೇಲೆ. ಒಂದೇ ಮನೆತನದಲ್ಲಿ ಹಲವರಿಗೆ ಕಿವುಡು ಬಂದಿರುವ ಕುಟುಂಬಗಳ ರಕ್ತ ತಂದು, ಅದರೊಳಗಿನ ವಂಶವಾಹಿಯಲ್ಲಿ ಎಲ್ಲಿ ಅಕ್ಷರ ತಪ್ಪಿದೆ ಎಂದು ಹುಡುಕುತ್ತಾಳೆ. ಪ್ರತಿಯೊಬ್ಬರಲ್ಲೂ ಆ ವಂಶವಾಹಿಯ ಎರಡು ಪ್ರತಿ ಇರುತ್ತವೆ, ಒಂದು ತಾಯಿ ಕೊಟ್ಟದ್ದು, ಒಂದು ತಂದೆ ಕೊಟ್ಟದ್ದು. ಒಂದು ಕೆಟ್ಟಿದ್ದರೆ ಚಿಂತೆಯಿಲ್ಲ, ಕಿವಿ ಕೇಳುತ್ತದೆ. ಎರಡೂ ಕೆಟ್ಟಿದ್ದರೆ ಮಗು ಕಿವುಡು. ಅಂದರೆ ಕಿವುಡು ಮಗುವಿನ ತಾಯಿಯಲ್ಲಿ ಒಂದು ಕೆಟ್ಟ ಪ್ರತಿ ಇರಲೇಬೇಕು, ತಂದೆಯಲ್ಲೂ ಒಂದು.

ಸನತ್‌ನಗರದಲ್ಲಿ ನಮ್ಮ ಕಡೆಯದೇ ಒಂದು ಕುಟುಂಬ. ರೇಣುಕಾ ಎಂಬ ಹತ್ತೊಂಬತ್ತರ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳದು. ಅವಳಲ್ಲಿ ಎರಡೂ ಪ್ರತಿ ಕೆಟ್ಟಿವೆ. ತಂದೆಯಲ್ಲಿ ಒಂದು. ತಾಯಿಯಲ್ಲಿ ಒಂದೂ ಇಲ್ಲ. ಆದರೆ ಆ ಮನೆಗೆ ಹೊರಗಿನಿಂದ ಬಂದ ಅತ್ತಿಗೆಯಲ್ಲಿ ಒಂದು ಇದೆ.

"ಅದನ್ನು ನೋಡಿ ನಮ್ಮ ಗೈಡ್ ಸರ್ ಏನಂದರು ಗೊತ್ತಾ ಅತ್ತೆ? ತಾಯಿಯ ಟ್ಯೂಬು ಅತ್ತಿಗೆಯ ಟ್ಯೂಬು ಅದಲುಬದಲಾಗಿವೆ, ಬೇರೆ ವಿವರಣೆಯೇ ಇಲ್ಲ ಅಂತ. ಒಂದು ಮನೇಲಿ ಹೀಗೆ ಮಾಡಿದವಳು ಉಳಿದ ಮನೆಗಳಲ್ಲಿ ಮಾಡಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ? ಎಲ್ಲಾ ಮನೆಗಳ ರಕ್ತವನ್ನೂ ಮತ್ತೆ ತಾ ಅಂದರು. ಎರಡು ವರ್ಷದ ಕೆಲಸ ಅದು. ನನ್ನ ಫೆಲೋಷಿಪ್ ಮುಗಿಯೋಕೆ ಆರು ತಿಂಗಳಿದೆ."

"ನೀ ಬದಲು ಮಾಡೀಯೇನು?"

"ಇಲ್ಲ" ಎಂದಳು. ಪೆನ್ಸಿಲ್ಲು ಕೆಳಗಿಟ್ಟು, "ಇಲ್ಲ ಅಂತಲೇ ಅನ್ಕೊಂಡಿದ್ದೆ. ಈಗ ಗೊತ್ತಾಗ್ತಿಲ್ಲ" ಎಂದಳು.

ಮೂರು ತಿಂಗಳಿಂದ ಅವಳನ್ನು ಒಣಗಿಸುತ್ತಿದ್ದದ್ದು ಆ ಎರಡನೆಯ ಮಾತು.

ಪ್ರಯೋಗಾಲಯ

ಮರುದಿನ ಅವಳ ಜೊತೆ ಸಂಸ್ಥೆಗೆ ಹೋದೆ. ಹೊರಗೆ ಚಪ್ಪಲಿ ಬಿಟ್ಟು ಬೇರೆ ಚಪ್ಪಲಿ ಹಾಕಿಕೊಳ್ಳಬೇಕು. ನಮ್ಮ ಹೆರಿಗೆ ಕೋಣೆಯ ನಿಯಮವೇ. ಅಲ್ಲಿಂದಲೇ ನನಗೆ ಆ ಜಾಗದ ಮೇಲೆ ಗೌರವ ಬಂತು. ಫ್ರಿಜ್ಜುಗಳು ಸಾಲಾಗಿ ಗುಂಯ್‌ಗುಡುತ್ತಿದ್ದವು. ರಕ್ತದ ಸಾರವನ್ನು ತೆಳ್ಳನೆಯ ಲೋಳೆಯ ಹಾಳೆಯ ಮೇಲೆ ಓಡಿಸಿ, ನೇರಳೆ ಬೆಳಕಿನಲ್ಲಿ ಗೆರೆಗಳನ್ನು ಓದುತ್ತಾರೆ. ಮಾಲಿನಿ ತೋರಿಸಿದಳು, ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಗೆರೆಗಳಿಗಿಂತ ನಾನು ನೋಡಲು ಬಂದದ್ದು ಟ್ಯೂಬುಗಳನ್ನು.

ಒಂದೊಂದರ ಮೇಲೂ ಮುಚ್ಚಳಕ್ಕೊಂದು ಸಂಖ್ಯೆ, ಮೈಗೊಂದು ಸಂಖ್ಯೆ, ತಾರೀಖು, ಗಂಟೆ. ಪುಸ್ತಕದಲ್ಲಿ ಅದೇ ಕ್ರಮ. ರಕ್ತ ತೆಗೆದ ತಕ್ಷಣ, ಸೂಜಿ ಎಸೆಯುವ ಮೊದಲೇ ಬರೆಯುತ್ತೇನೆ ಎಂದಳು. ನಾನು ಮೂವತ್ತೆರಡು ವರ್ಷ ಹೊಸ ನರ್ಸುಗಳಿಗೆ ಬೈದು ಬೈದು ಕಲಿಸಿದ್ದು ಇದನ್ನೇ. ಕೂಸುಗಳ ಕಾಲಿಗೆ ಚೀಟಿ ಕಟ್ಟದೆ ಬಾಗಿಲಾಚೆ ಒಯ್ಯಬಾರದು. ಇಷ್ಟು ಶಿಸ್ತಿನ ಹುಡುಗಿ ಟ್ಯೂಬು ಬದಲಿಸಿರಲಾರಳು ಎಂದು ನನಗೆ ಖಾತ್ರಿಯಾಯಿತು. ನನ್ನ ಖಾತ್ರಿಯಿಂದ ಅವಳಿಗೇನೂ ಉಪಯೋಗವಿರಲಿಲ್ಲ.

"ಮತ್ತ ಆ ಮನಿಗೆ ಹೋಗಿ ಇನ್ನೊಮ್ಮೆ ರಕ್ತ ತಗೊಂಡ್ರ ಆತಲ್ಲ?"

"ಎರಡು ಸಲ ಹೋದೆ. ಬಾಗಿಲಲ್ಲೇ ಕೂತಿರೋ ಅಜ್ಜಿ ಒಳಗೇ ಬಿಡಲಿಲ್ಲ. ಪದ್ಮಜಾನೂ ಕೇಳಿ ನೋಡಿದಳು."

ಪದ್ಮಜಾ ಅಲ್ಲಿಯ ಸಹಾಯಕಿ, ಗುಂಟೂರಿನ ಕಡೆಯವಳು. ಮಾಲಿನಿಯ ಜೊತೆ ಮನೆಮನೆಗೆ ಹೋಗಿ ರಕ್ತ ತೆಗೆಯುವವಳೂ, ಯಾರು ಯಾರಿಗೆ ಏನಾಗಬೇಕು ಎಂದು ಕೇಳಿ ಫಾರ್ಮು ತುಂಬುವವಳೂ ಅವಳೇ. ಆ ಕುಟುಂಬದವರು ಹೊರಗಿನವರ ಜೊತೆ ತೆಲುಗಿನಲ್ಲೇ ಮಾತಾಡುವುದರಿಂದ ಮೊದಲ ಸಲ ಎಲ್ಲವೂ ತೆಲುಗಿನಲ್ಲಿ ನಡೆದಿತ್ತು.

"ಭಾನುವಾರ ನಾನೂ ಬರ್ತೀನಿ" ಅಂದೆ.

ಸನತ್‌ನಗರ, ಭಾನುವಾರ

ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ ಕೆಲಸಗಾರರ ಸಾಲುಮನೆಗಳು. ರಜಾದಿನವಾದರೂ ಎಲ್ಲೋ ಒಂದು ಲೇಥ್ ತಿರುಗುತ್ತಿತ್ತು. ನಮ್ಮೂರಿನಲ್ಲಿ ಬಾಗಿಲ ಮುಂದೆ ಕಟ್ಟೆ ಇರುವ ಹಾಗೆ ಇಲ್ಲಿ ಪ್ರತಿ ಬಾಗಿಲ ಮುಂದೆ ನೀರಿನ ಡ್ರಮ್ಮು. ಒಂದು ಮನೆಯೊಳಗಿಂದ ರೊಟ್ಟಿ ಬಡಿಯುವ ಸದ್ದು ಬಂತು. ಪದ್ಮಜಾ ತೋರಿಸುವ ಮೊದಲೇ ಮನೆ ಯಾವುದೆಂದು ಗೊತ್ತಾಯಿತು.

ಹೊಸ್ತಿಲ ಮೇಲೆ ಎಲೆಅಡಿಕೆ ಮೆಲ್ಲುತ್ತ ಒಬ್ಬ ಮುದುಕಿ ಕುಳಿತಿದ್ದಳು. ಮನೆಯವರೆಲ್ಲ ಅವಳನ್ನು ಅವ್ವ ಎನ್ನುತ್ತಿದ್ದರು. ಮಾಲಿನಿಯನ್ನು ಕಂಡದ್ದೇ, "ಬಂತಲ್ಲವಾ ಮತ್ತ! ಸೊಳ್ಳಿ ಆದ್ರ ಒಮ್ಮೆ ಕಡದು ಹೋಗತೈತಿ. ಇಕಿ ಕಡದು ಕಾಗದಾನೂ ಬರೀತಾಳ" ಅಂದಳು.

"ಸೊಳ್ಳಿ ಬ್ಯಾನಿ ತರತೈತಿ ಯಮ್ಮಾ. ಇಕಿ ಬ್ಯಾನಿ ಹುಡುಕಾಕತ್ತಾಳ" ಅಂದೆ.

ಮುದುಕಿಯ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು. "ಯಾವೂರ ನಿಮ್ಮದು?"

"ಗದಗರಿ. ರೋಣದ ದವಾಖಾನ್ಯಾಗ ಎಂಟು ವರ್ಷ ನರ್ಸ್ ಇದ್ದೆ."

"ರೋಣಾನಽ! ಬರ್ರಿ ಬಾಯಾರ, ಒಳಗ ಬರ್ರಿ. ಏ, ಚಾ ಇಡವಾ! ಹೊರಗ ನಿಂದ್ರಸೀರಿ ಬಾಯಾರನ್ನ" ಎಂದು ಯಾರೂ ನಿಲ್ಲಿಸಿರದಿದ್ದರೂ ಎಲ್ಲರಿಗೂ ಬೈದಳು. ನರ್ಸನ್ನು ಬಾಯಾರು ಎನ್ನುವುದು ನಮ್ಮ ಕಡೆಯ ರೂಢಿ; ಅವರದೂ ರೋಣದ ಕಡೆಯ ಹಳ್ಳಿಯೇ.

ಒಳಗೆ ದೊಡ್ಡ ಮೀಸೆಯ ಮುದುಕನೊಬ್ಬ ಮಂಚದ ಮೇಲೆ ಕುಳಿತಿದ್ದ. ಅವನು ಅಪ್ಪ. ಮಲ್ಲೇಶಿ ಎಂಬ ನಡುವಯಸ್ಸಿನ ಫಿಟ್ಟರನನ್ನು ಮನೆಯ ಹುಡುಗರು ಅಣ್ಣ ಎನ್ನುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದವಳು ಮಲ್ಲೇಶಿಯ ಹೆಂಡತಿ. ಅವಳನ್ನು ವೈನಿ ಎನ್ನುತ್ತಿದ್ದರು. ದಕ್ಷಿಣದವರು ಅತ್ತಿಗೆ ಎನ್ನುವುದನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಮಾತಿನ ಯಜಮಾನಿಕೆಯೆಲ್ಲ ಇಪ್ಪತ್ತೆರಡು ವರ್ಷದ ಶಿವಾನಂದನದು. ಮೂಲೆಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತ ಕುಳಿತಿದ್ದವಳು ಅವನ ತಂಗಿ ರೇಣುಕಾ. ಪದ್ಮಜಾಳ ಫಾರ್ಮಿನಲ್ಲಿದ್ದ ಹಾಗೆಯೇ ಎಲ್ಲರೂ ಇದ್ದರು. ಅಣ್ಣ-ತಂಗಿ ಇಬ್ಬರೂ ಮುದುಕಿ ತಡವಾಗಿ ಹಡೆದ ಮಕ್ಕಳಿರಬೇಕು ಎಂದುಕೊಂಡೆ, ನನಗೂ ಏನೂ ಹೊಳೆಯಲಿಲ್ಲ.

ಅವ್ವ ನೇರವಾಗಿ ಕೇಳಿದಳು: "ರಕ್ತ ಕೊಟ್ರ ನಮ್ಮ ಹುಡುಗಿ ಕಿವಿ ಬರತಾವನು?"

ಮಾಲಿನಿ ನನ್ನ ಮುಖ ನೋಡಿದಳು. ಅದು ಅವಳೇ ಹೇಳಬೇಕಾದ ಮಾತು.

"ಇಲ್ಲ ಅಜ್ಜಿ. ಬರಲ್ಲ. ಯಾಕೆ ಹೀಗಾಯ್ತು ಅನ್ನೋದು ಗೊತ್ತಾಗುತ್ತೆ. ಮುಂದೆ ಹುಟ್ಟೋ ಮಕ್ಕಳಿಗೆ ಉಪಯೋಗ ಆಗುತ್ತೆ."

"ಹ್ಞೂಂ" ಎಂದಳು ಅವ್ವ. "ಹೋದ ಸಲ ಯಾರೂ ಇದನ್ನ ಹೇಳಿರಲಿಲ್ಲ. ಖರೆ ಹೇಳಿದಿ. ತಗೋರಿ."

ಪದ್ಮಜಾ ಪೆಟ್ಟಿಗೆ ತೆರೆದಳು. ನನಗೊಂದು ಹಳೆಯ ನಿಯಮವಿದೆ: ಯಾರ ತೋಳಿಗೆ ಸೂಜಿ ಚುಚ್ಚುತ್ತೇವೋ ಅವರನ್ನೇ ಕೇಳಬೇಕು. ರೇಣುಕಾಳಿಗೆ ವಿಷಯ ತಿಳಿಸು, ಯಾರ್ಯಾರ ರಕ್ತ ತೆಗೆಯುತ್ತಾರೆ ಹೇಳು ಎಂದು ಶಿವಾನಂದನಿಗೆ ಹೇಳಿದೆ. ಅವನು ತಂಗಿಯ ಮುಂದೆ ಕುಳಿತು ಕೈಸನ್ನೆ ಮಾಡತೊಡಗಿದ. ಆ ಮನೆಯವರೇ ಕಟ್ಟಿಕೊಂಡ ಸನ್ನೆಗಳು. ಮೀಸೆ ತಿರುವಿದರೆ ಅಪ್ಪ. ಕೆನ್ನೆ ಉಬ್ಬಿಸಿದರೆ ಎಲೆಅಡಿಕೆಯ ಅವ್ವ. ಅರದಿಂದ ಉಜ್ಜುವ ಹಾಗೆ ಕೈ ಆಡಿಸಿದರೆ ಅಣ್ಣ. ರೇಣುಕಾ ಒಂದೊಂದಕ್ಕೂ ತಲೆಯಾಡಿಸಿದಳು. ಕೊನೆಗೆ ಅವಳೇ ಒಲೆಯ ಕಡೆ ನೋಡಿ, ಅಂಗೈಯನ್ನು ತನ್ನ ಎದೆಗೆ ಒತ್ತಿ, ತೋಳು ಮಡಚಿ ತೂಗಿ, ಇವಳದೂ ಉಂಟೇ ಎಂಬಂತೆ ಹುಬ್ಬು ಹಾರಿಸಿದಳು.

ಆ ಸನ್ನೆ ನನಗೆ ಹೊಸದಲ್ಲ. ಹೆರಿಗೆಯ ಮೇಲೆ ಮಾತಾಡಲೂ ತ್ರಾಣವಿಲ್ಲದ ಬಾಣಂತಿಯರು ಕೂಸನ್ನು ಕೇಳುವುದು ಹಾಗೆಯೇ.

"ಶಿವಾನಂದ, ಈ ಸನ್ನಿ ಯಾರದು?"

"ವೈನಿದ್ರಿ."

"ವೈನಿಗೆ ಯಾಕ ಹಿಂಗ ಮಾಡತಾಳ?"

"ಅವ್ವ ಅಂತ್ರಿ" ಎಂದ ಅವನು, ಇದೂ ತಿಳಿಯದೇ ಎನ್ನುವ ಹಾಗೆ.

"ಅವ್ವ ಅಲ್ಲಿ ಹೊಸ್ತಿಲಮ್ಯಾಲೆ ಕುಂತಾಳಲ್ಲೋ."

"ಅಕಿ ಅಣ್ಣನ ಅವ್ವರಿ. ನಾವೂ ಅವ್ವ ಅಂತೇವಿ."

ನನ್ನ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟೆ. ಹೆರಿಗೆ ದಾಖಲೆಯಲ್ಲಿ ಮೂವತ್ತೆರಡು ವರ್ಷ ನಾನು ಕೇಳುತ್ತಿದ್ದ ಪ್ರಶ್ನೆಯನ್ನು ಆಗ ಕೇಳಿದೆ, ಬಂದ ಕೂಡಲೇ ಕೇಳಬೇಕಾಗಿದ್ದ ಪ್ರಶ್ನೆ: "ನಿನ್ನ ಹಡದಾಕಿ ಯಾರಪಾ?"

"ವೈನಿನರಿ. ಮತ್ಯಾರು?"

"ಹಾಗಾದ್ರೆ ಅಣ್ಣ?" ಎಂದಳು ಮಾಲಿನಿ.

"ನಮ್ಮಪ್ಪ. ಅವನ ತಮ್ಮಂದ್ರು, ತಂಗ್ಯಾರು ಎಲ್ಲಾರೂ ಅಣ್ಣ, ವೈನಿ ಅಂತ ಕರೀತಿದ್ರು. ನಾವೂ ಹಂಗಽ ಕಲತ್ವಿ. ಯಾಕ್ರಿ, ಏನಾತು?"

ಕೂಡುಕುಟುಂಬದಲ್ಲಿ ಇದು ಎಲ್ಲ ಕಡೆ ಇರುವುದೇ. ಮಕ್ಕಳು ದೊಡ್ಡವರು ಕರೆದಂತೆ ಕರೆಯುತ್ತವೆ. ಅಜ್ಜಿ ಅವ್ವ, ಅಜ್ಜ ಅಪ್ಪ, ಹೆತ್ತ ತಂದೆ ಅಣ್ಣ, ಹೆತ್ತ ತಾಯಿ ವೈನಿ. ತೆಲುಗಿನಲ್ಲೂ ಅನ್ನ ಎಂದರೆ ಅಣ್ಣನೇ, ವದಿನ ಎಂದರೆ ವೈನಿಯೇ. ಶಿವಾನಂದ ತಾನು ಕರೆಯುವುದನ್ನೇ ಸರಿಯಾದ ತೆಲುಗಿನಲ್ಲಿ ಹೇಳಿದ. ಪದ್ಮಜಾ ಕೇಳಿದ್ದನ್ನೇ ಸರಿಯಾಗಿ ಬರೆದಳು. ಒಂದು ಪದವೂ ತಪ್ಪಿರಲಿಲ್ಲ. ಒಂದು ತಲೆಮಾರು ಮಾತ್ರ ಕಾಗದದಿಂದ ಮಾಯವಾಗಿತ್ತು. ಮೊಮ್ಮಕ್ಕಳು ಮಕ್ಕಳಾಗಿ, ತಂದೆತಾಯಿ ಅಣ್ಣ-ಅತ್ತಿಗೆಯಾಗಿ ಕುಳಿತುಬಿಟ್ಟಿದ್ದರು. ಮನೆಯಲ್ಲಿ ತಾಯಿಗೆ ತಾಯಿ ಎನ್ನುತ್ತಿದ್ದವಳು ಮಾತು ಬಾರದ ರೇಣುಕಾ ಒಬ್ಬಳೇ. ಯಾಕೆಂದರೆ ಉಳಿದವರು ಏನೆಂದು ಕರೆಯುತ್ತಾರೆಂದು ಅವಳಿಗೆ ಕೇಳಿಸಿರಲಿಲ್ಲ.

"ಅಯ್ಯೋ ದೇವುಡಾ!" ಎಂದು ಪದ್ಮಜಾ ಹಣೆ ಬಡಿದುಕೊಂಡಳು.

ನಾನು ಒಲೆಯ ಕಡೆ ತಿರುಗಿ, "ನಿಮ್ಮ ತವರ್ಮನಿ ಯಾವುದವಾ?" ಎಂದೆ. ಉತ್ತರ ಮಂಚದ ಮೇಲಿನ ಮುದುಕನಿಂದ ಬಂತು: "ನನ್ನ ತಂಗಿ ಮಗಳರಿ. ಹೊರಗಿನಾಕಿ ಅಲ್ಲ." ಹಾಗಾಗಿ ಅವನ ರಕ್ತದಲ್ಲಿದ್ದ ಕೆಟ್ಟ ಪ್ರತಿ ಮಗನಿಗೂ ಬಂದಿರಬಹುದು, ಅವನ ತಂಗಿಯ ದಾರಿಯಿಂದ ಸೊಸೆಗೂ ಬಂದಿರಬಹುದು. ಮಾಲಿನಿ ಫಾರ್ಮಿನ ಹಿಂದೆ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಎಂದು ವಂಶವೃಕ್ಷವನ್ನು ಹೊಸದಾಗಿ ಬರೆಯುತ್ತಿದ್ದಳು.

ಅವ್ವನಿಗೆ ಈ ಗದ್ದಲ ಅರ್ಥವಾಗಲಿಲ್ಲ. ಅವಳು ಹಡೆದವಳ ಮಾತಷ್ಟೇ ಹಿಡಿದಳು. "ಹಡದಾಕಿ ಇಕಿನಽ. ಗ್ರಹಣದಾಗ ಹೊರಗ ಹೋಗಬ್ಯಾಡ ಅಂದ್ರ ನೀರಿಗೆ ಹೋಗಿದ್ಲು. ಅದಕ್ಕಽ ಹುಡುಗಿ ಹಿಂಗಾತು. ಹತ್ತೊಂಬತ್ತು ವರ್ಷ ಆತು, ಹೇಳಾಕತ್ತೀನಿ."

ಒಲೆಯ ಮುಂದಿದ್ದವಳು ತಲೆಯೆತ್ತಲಿಲ್ಲ. ಅವಳ ಹೆಸರು ಶಾಂತವ್ವ ಎಂದು ನಾನು ಕೇಳಿ ತಿಳಿದುಕೊಂಡೆ.

ಮತ್ತೆ ಪ್ರಯೋಗಾಲಯ

ಮಾಲಿನಿಯ ಮಾರ್ಗದರ್ಶಕರು ಕಟುವಾದ ಮನುಷ್ಯರೆಂದು ನಾನು ಎಣಿಸಿದ್ದೆ. ನೋಡಿದರೆ ಬೆನ್ನುನೋವಿಗೆ ದಿಂಬು ಇಟ್ಟುಕೊಂಡು ಕುಳಿತ, ಮೆಲ್ಲನೆ ಮಾತಾಡುವ ತೆಲುಗಿನವರು. ಹೊಸ ವಂಶವೃಕ್ಷವನ್ನು ಬಹಳ ಹೊತ್ತು ನೋಡಿದರು. ತರ್ಕ ಚೆನ್ನಾಗಿದೆ, ಆದರೆ ಮೊದಲಿನ ತರ್ಕವೂ ಚೆನ್ನಾಗಿಯೇ ಇತ್ತು, ಹೊಸ ಟ್ಯೂಬುಗಳು ಹೇಳಲಿ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಹೊಸ ರಕ್ತದ ಕೆಲಸವನ್ನು ಮಾಲಿನಿಯ ಕೈಗೆ ಕೊಡಲಿಲ್ಲ. ಬೇರೆಯವರಿಂದ, ಸಂಖ್ಯೆ ಮಾತ್ರ ಬರೆದು, ಮಾಡಿಸಿದರು. ಐದು ದಿನ ಹಿಡಿಯಿತು. ಆ ಐದು ದಿನ ಮಾಲಿನಿ ಊಟ ಮಾಡಿದಳು. ನಾನು ಎದುರಿಗೆ ಕುಳಿತಿರುತ್ತಿದ್ದೆ. ಸಂಜೆ ಅಂಗಡಿ ಬೀದಿಯಲ್ಲಿ ನಡೆಯುವಾಗ, "ಟ್ಯೂಬು ನಿಜವಾಗ್ಲೂ ಬದಲಾಗಿದ್ರೆ ಅತ್ತೆ?" ಎಂದಳು ಒಮ್ಮೆ. "ಆಗಿದ್ರ ಆಗೇತಿ. ಮತ್ತ ಎಲ್ಲಾ ಮನಿಗೂ ಹೋಗೋದು. ನಾ ಇರ್ತೀನಿ" ಅಂದೆ. ಹಿಂದಿರುಗುವ ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದೆ. ನನ್ನ ಜೀವನದಲ್ಲಿ ಬದಲಿಸಿದ ಮೊದಲ ಟಿಕೆಟ್ಟು ಅದು.

ಆರನೆಯ ದಿನ ಸಂಸ್ಥೆಯ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದೆ. ಮಾಲಿನಿ ಒಳಗಿನ ಚಪ್ಪಲಿಯಲ್ಲೇ ಹೊರಗೆ ಓಡಿಬಂದಳು. ಆ ತಪ್ಪಿಗೆ ನಾನು ಏನೂ ಅನ್ನಲಿಲ್ಲ. ಹೊಸ ಟ್ಯೂಬುಗಳೂ ಹಳೆಯವು ಹೇಳಿದ್ದನ್ನೇ ಹೇಳಿದ್ದವು. ಅವ್ವನಲ್ಲಿ ಒಂದೂ ಇಲ್ಲ, ಶಾಂತವ್ವನಲ್ಲಿ ಒಂದು, ಮಲ್ಲೇಶಿಯಲ್ಲಿ ಒಂದು. ಯಾವ ಟ್ಯೂಬೂ ಎಂದೂ ಅದಲುಬದಲಾಗಿರಲಿಲ್ಲ.

ಮಾರ್ಗದರ್ಶಕರು ಅವಳ ಪುಸ್ತಕದಲ್ಲಿ ಟ್ಯೂಬು ಅದಲುಬದಲು ಎಂದು ತಾವು ಬರೆದಿದ್ದ ಷರಾದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರಂತೆ. ಆಮೇಲೆ, ತಮ್ಮ ಹಳ್ಳಿಯಲ್ಲಿ ತಾವು ಶಾಲೆ ಸೇರುವವರೆಗೂ ತಾಯಿಯನ್ನು ಅಕ್ಕ ಎಂದೇ ಕರೆಯುತ್ತಿದ್ದುದನ್ನು ಹೇಳಿ, ತಮಗಾದರೂ ಇದು ಹೊಳೆಯಬೇಕಿತ್ತು ಎಂದರಂತೆ. ಉಳಿದ ಮನೆಗಳ ರಕ್ತ ಬೇಡ, ಆದರೆ ಫಾರ್ಮುಗಳನ್ನು ಮತ್ತೆ ಕೇಳಿ ತುಂಬಬೇಕು ಎಂದು ತೀರ್ಮಾನವಾಯಿತು. ಮಾಲಿನಿ ಫಾರ್ಮಿಗೆ ಹೊಸ ಸಾಲು ಸೇರಿಸಿದಳು: ಹೆತ್ತವರು ಯಾರು? ಆರು ತಿಂಗಳಲ್ಲಿ ಮುಗಿಯುವ ಕೆಲಸ.

ಸನತ್‌ನಗರ, ಎರಡನೇ ಸಲ

ಈ ಕುಟುಂಬವನ್ನು ಮಾಲಿನಿಗೆ ತೋರಿಸಿಕೊಟ್ಟಿದ್ದ ಆಸ್ಪತ್ರೆಯ ವೈದ್ಯರ ಒಪ್ಪಿಗೆ ಪಡೆದು, ಅವರು ಹೇಳಿಕೊಟ್ಟ ಮಾತಿನಲ್ಲೇ ಮಾಲಿನಿ ಆ ಮನೆಯವರಿಗೆ ವಿಷಯ ತಿಳಿಸಿದಳು. ಎಲ್ಲರೂ ಕುಳಿತಿದ್ದರು. ಶಾಂತವ್ವ ಮಾತ್ರ ಬಾಗಿಲಿಗೊರಗಿ ನಿಂತಿದ್ದಳು.

"ಅರ್ಧ ತಂದೆಯಿಂದ ಬಂದಿದೆ, ಅರ್ಧ ತಾಯಿಯಿಂದ. ಇಬ್ಬರದೂ ಸಮ. ಯಾರದೂ ತಪ್ಪಲ್ಲ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಶಿವಾನಂದ ಸಂಬಂಧಿಕರಲ್ಲೇ ಮದುವೆ ಆಗೋದಾದ್ರೆ ಮೊದಲು ಇಬ್ಬರೂ ಬಂದು ಪರೀಕ್ಷೆ ಮಾಡಿಸಿಕೊಳ್ಳಿ."

"ನಂದೂ ಐತಿ ಅಂದಂಗಾತು" ಎಂದ ಮಲ್ಲೇಶಿ.

"ಹೌದು."

"ಮತ್ತ ಇಷ್ಟು ವರ್ಷ ಇಕಿ ಒಬ್ಬಾಕಿ…" ಮಾತು ಮುಗಿಸದೆ ಎದ್ದು ಹೋಗಿ, ಡ್ರಮ್ಮಿನಿಂದ ನೀರು ತೆಗೆದು ಮುಖ ತೊಳೆದುಕೊಂಡು ಬಂದ.

"ಗ್ರಹಣ ಅಂತೂ ಹಿಡದಿತ್ತು, ಖರೆ" ಎಂದಳು ಅವ್ವ. ನೀರಿಗೆ ಹೋದವಳ ಮಾತು ಈ ಸಲ ಬರಲಿಲ್ಲ.

ಶಿವಾನಂದ, "ನಿನ್ನೆ ನಾ ಅವ್ವಾ ಅಂತ ಕರದು ನೋಡಿದೆರಿ. ಇಬ್ಬರೂ ಓ ಅಂದ್ರು. ಮುದುಕಿನ ಮೊದಲ ಓಡಿಬಂದ್ಲು" ಅಂದ. ರೇಣುಕಾ ಎಲ್ಲರೂ ನಕ್ಕದ್ದನ್ನು ಕಂಡು ಏನೆಂದು ಕೇಳಿದಳು. ಅವನು ಕೆನ್ನೆ ಉಬ್ಬಿಸಿ, ಓಡುವಂತೆ ಬೆರಳಾಡಿಸಿ ತೋರಿಸಿದ. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಹೊರಡುವಾಗ ಶಾಂತವ್ವ ಮಾಲಿನಿಯ ಹತ್ತಿರ ಬಂದಳು. "ಆ ಕಾಗದದಾಗ ನನ್ನ ಏನಂತ ಬರದೀರಿ ತಂಗಿ?"

ಮಾಲಿನಿ ಹೊಸ ಫಾರ್ಮನ್ನು ಅವಳ ಕಡೆ ತಿರುಗಿಸಿದಳು. ಇಂಗ್ಲಿಷಿನ ಪಕ್ಕದಲ್ಲಿ ಕನ್ನಡದಲ್ಲೂ ಬರೆದಿದ್ದಳು. ಶಾಂತವ್ವ ಮೂರನೇ ಇಯತ್ತೆ ಓದಿದವಳು. ಹಿಟ್ಟಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅಕ್ಷರದ ಕೆಳಗೆ ಇಟ್ಟು ಓದಿದಳು: "ತಾ… ಯಿ."

ಶಿವಾನಂದನ ಕಡೆ ಒಮ್ಮೆ ನೋಡಿ, ಮತ್ತೆ ಕಾಗದ ನೋಡಿದಳು.

"ಮನ್ಯಾಗ ವೈನಿ ಅಂತನ ಕರೀಲಿ ಬಿಡ್ರಿ, ರೂಢಿ ಆಗೇತಿ" ಎಂದಳು. "ಇದನ್ನ ಮಾತ್ರ ಮತ್ತ ತಿದ್ದಬ್ಯಾಡ್ರಿ."